ನೀರು ಹಾಕುವ ಮಂಗಮ್ಮನ ಮೊಮ್ಮಗಳು

ಜಯನಗರದಲ್ಲಿ ಮನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ನಾಲ್ಕು ಖಾಲಿ ಸೈಟು, ಸೈಟಿನ ತುಂಬ ತುಂಬೆಗಿಡ. ಯಾವ ಮನೆಯಲ್ಲಿ ಹೆರಿಗೆಯಾಗಿದೆ ಎಂದು ತಿಳಿಯಬೇಕಾದರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಗ್ಗೆ ಮಂಗಮ್ಮ ಯಾವ ಗೇಟು ತೆಗೆದುಕೊಂಡು ಒಳಗೆ ಹೋಗುತ್ತಾಳೆ ನೋಡಿದರೆ ಸಾಕಿತ್ತು.

ಮಂಗಮ್ಮ ಬಿಳೇಕಹಳ್ಳಿಯವಳು. ಗಂಡ ಸತ್ತು ಹನ್ನೆರಡು ವರ್ಷವಾಗಿತ್ತು. ಬಾಣಂತಿಗೂ ಕೂಸಿಗೂ ನೀರು ಹಾಕುವ ಕೆಲಸವನ್ನು ಅತ್ತೆಯಿಂದ ಕಲಿತಿದ್ದಳು. ಮೊದಲು ಬಸವನಗುಡಿಯ ಮನೆಗಳಿಗೆ ಹೋಗುತ್ತಿದ್ದವಳು, ಅಲ್ಲಿನ ಸೊಸೆಯಂದಿರು ಜಯನಗರಕ್ಕೆ ಬಂದಮೇಲೆ ಅವರ ಹಿಂದೆಯೇ ಬಂದಳು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಸೀರೆ ಮಂಡಿಗೆ ಎತ್ತಿ ಕಟ್ಟಿ, ಎರಡು ಕಾಲಿನ ನಡುವೆ ಕೂಸನ್ನು ಬೋರಲು ಹಾಕಿಕೊಂಡಳೆಂದರೆ ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹರಳೆಣ್ಣೆ ತಿಕ್ಕಿ, ಕೈಕಾಲು ಮಡಿಸಿ ಬಿಡಿಸಿ, ಮೂಗು ತೀಡಿ, ತಲೆ ದುಂಡಗೆ ಒತ್ತಿ, ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ ಹೊಯ್ಯುತ್ತಿದ್ದಳು. ಕೂಸು ಸೂರು ಹಾರಿಹೋಗುವಂತೆ ಅಳುತ್ತಿತ್ತು. ಆಮೇಲೆ ಸಾಂಬ್ರಾಣಿ ಹೊಗೆ ಕುಡಿದು ಮಧ್ಯಾಹ್ನದವರೆಗೆ ನಿದ್ದೆ ಹೊಡೆಯುತ್ತಿತ್ತು.

ಚೊಚ್ಚಲ ಬಾಣಂತಿಯರು ಹೆದರುತ್ತಿದ್ದರು. "ನೀರು ಜಾಸ್ತಿ ಬಿಸಿ ಆಯ್ತೇನೋ, ಕೈ ಇಟ್ಟು ನೋಡು ಮಂಗಮ್ಮ" ಎನ್ನುತ್ತಿದ್ದರು.

"ನನ್ ಕೈ ನಂಬಬ್ಯಾಡಿ ಕಣ್ರವ್ವ" ಎಂದು ಮಂಗಮ್ಮ ನಗುತ್ತಿದ್ದಳು. "ಮೂವತ್ತೊರ್ಸ ಬಿಸಿನೀರಲ್ಲಿ ಬೆಂದು ಕೈ ಚರ್ಮ ಎಕ್ಕಡ ಆಗೈತೆ. ಹದ ಹೇಳೋದು ನಾನಲ್ಲ, ಕೂಸು. ಹಿತವಾದ್ರೆ ಒಂದಳು, ಸುಟ್ರೆ ಒಂದಳು. ಆ ಎರಡು ಅಳೂನೂ ನಂಗೆ ಗೊತ್ತು."

ಅದು ಬಡಾಯಿಯಲ್ಲ. ಅವಳ ಕೈಯಲ್ಲಿ ನೂರಾರು ಕೂಸುಗಳು ಮಿಂದಿದ್ದವು, ಒಂದಕ್ಕೂ ಕೆಂಪು ಗುಳ್ಳೆ ಎದ್ದಿರಲಿಲ್ಲ.

ಮಂಗಮ್ಮನಿಗೆ ಮೂವರು ಮಕ್ಕಳು. ಹಿರಿಯಳು ಮುನಿಯಮ್ಮನನ್ನು ಅರೆಕೆರೆಗೆ ಕೊಟ್ಟಿತ್ತು. ನಡುವಿನವನು ಬೋರಣ್ಣ, ಅದೇ ಊರಲ್ಲಿ ಬೇರೆ ಮನೆ ಮಾಡಿಕೊಂಡಿದ್ದ. ಕಿರಿಯವನು ಚಿಕ್ಕಬೈರಪ್ಪ ತಾಯಿಯ ಜೊತೆಗಿದ್ದು, ಜಯನಗರದ ಹೊಸ ಮನೆಗಳಿಗೆ ಗಾಡಿಯಲ್ಲಿ ಇಟ್ಟಿಗೆ ಹೊಡೆಯುತ್ತಿದ್ದ. ಅವನಿಗೆ ಮುನಿಯಮ್ಮನ ಮಗಳು ನಾರಾಯಣಮ್ಮನನ್ನೇ ತರಬೇಕೆಂದು ಮಂಗಮ್ಮ ಆ ಹುಡುಗಿ ಹುಟ್ಟಿದ ದಿನವೇ ತೀರ್ಮಾನಿಸಿಬಿಟ್ಟಿದ್ದಳು. ಅಕ್ಕನ ಮಗಳು, ಸೋದರಮಾವ. ಇದಕ್ಕಿಂತ ಒಳ್ಳೆಯ ಸಂಬಂಧ ಉಂಟೇ? ಹೊರಗಿನ ಹೆಣ್ಣು ಬಂದರೆ ಅವಳ ಗುಣ ಹೇಗೋ ಏನೋ. ಇವಳು ತನ್ನ ಮಡಿಲಲ್ಲೇ ಆಡಿದವಳು. ಬೀಗರು ಎಂದರೆ ತನ್ನ ಮಗಳೇ. ಐವತ್ತಮೂರರಲ್ಲಿ ಮದುವೆ ನಡೆಯಿತು. ಮಾರನೆಯ ವರ್ಷ ಹೆಣ್ಣುಮಗು ಹುಟ್ಟಿತು.

ಆ ಹೊತ್ತಿಗೆ ಮಂಗಮ್ಮ ಸೀತಾಲಕ್ಷ್ಮಿ ಎನ್ನುವವರ ಮನೆಯಲ್ಲಿ ನೀರು ಹಾಕುತ್ತಿದ್ದಳು. ಅವರ ಮಗಳಿಗೆ ಚೂಡಾಮಣಿ ಎಂದು ಹೆಸರಿಟ್ಟಿದ್ದರು. ಹೆಸರು ಮಂಗಮ್ಮನ ಬಾಯಿಗೆ ಬೆಲ್ಲದಂತೆ ಹತ್ತಿಕೊಂಡಿತ್ತು. ಊರಲ್ಲಿ ಯಾರಿಗೂ ಇಲ್ಲದ ಹೆಸರು. ಅದನ್ನೇ ತಂದು ಮೊಮ್ಮಗಳಿಗೆ ಇಟ್ಟಳು. ಊರವರ ನಾಲಗೆ ಹೊರಳದೆ ಚೂಡಿ ಆಯಿತು.

ಚೂಡಿ ಹುಟ್ಟುತ್ತಲೇ ಅತ್ತಿತು, ಹಸಿದಾಗ ಅಳುತ್ತಿತ್ತು. ಬಚ್ಚಲಲ್ಲಿ ಮಾತ್ರ ಅಳುತ್ತಿರಲಿಲ್ಲ. ಕಾಲ ಮೇಲೆ ಹಾಕಿಕೊಂಡು ಚೊಂಬು ಎತ್ತಿ ಹೊಯ್ದರೆ ಕಣ್ಣು ಪಿಳಿಪಿಳಿ ಬಿಟ್ಟು ಹೊಗೆಯನ್ನು ನೋಡುತ್ತಿತ್ತು. ಮೊದಲ ದಿನ ಮಂಗಮ್ಮನಿಗೆ ಆಶ್ಚರ್ಯ, ಎರಡನೆಯ ದಿನದಿಂದ ಹೆಮ್ಮೆ. "ನೀರಾಕೋಳ ಮೊಮ್ಮಗಳು ಕಣವ್ವ, ನೀರಿಗೆ ಹೆದ್ರಾಳಾ?" ಎಂದು ಬಾವಿಕಟ್ಟೆಯಲ್ಲಿ ಹೇಳಿಕೊಂಡಳು.

ಎರಡು ತಿಂಗಳಾದಾಗ ಒಂದು ಬೆಳಗ್ಗೆ, ನೀರು ಹೊಯ್ದು ಮುಗಿಸಿ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಬೆನ್ನಿನ ಮೇಲಿನ ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು.

ಮಂಗಮ್ಮನಿಗೆ ಏನಾಯಿತೆಂದು ಅರ್ಥವಾಗಲಿಲ್ಲ. ಕೂಸನ್ನು ತಿರುಗಿಸಿ ಮುಖ ನೋಡಿದಳು. ಅದು ಬೊಚ್ಚುಬಾಯಿ ತೆರೆದು ನಗುತ್ತಿತ್ತು. ನಾರಾಯಣಮ್ಮ ಒಳಗಿನಿಂದ ಬಂದು ಮಗುವಿನ ಬೆನ್ನು ನೋಡಿದವಳೇ ಕಿರುಚಿದಳು. ಆ ಕೂಗಿಗೆ ಕೂಸು ಬೆಚ್ಚಿ ಆಗ ಅತ್ತಿತು. ಮಂಗಮ್ಮ ಹಂಡೆಗೆ ಕೈ ಹಾಕಿದಳು. ಅವಳ ಕೈಗೆ ನೀರು ದಿನದ ನೀರಿನಂತೆಯೇ ಇತ್ತು. ಗಾಡಿ ಕಟ್ಟುತ್ತಿದ್ದ ಚಿಕ್ಕಬೈರಪ್ಪ ಓಡಿಬಂದು ಬೆರಳು ಅದ್ದಿ, ಥಟ್ಟನೆ ಕೊಡವಿ ತಾಯಿಯ ಮುಖ ನೋಡಿದ. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಮಂಗಮ್ಮನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಸುಟ್ಟ ಗಾಯ ಮಾಯಲು ತಿಂಗಳು ಹಿಡಿಯಿತು. ಅಂದಿನಿಂದ ಚೂಡಿಗೆ ನಾರಾಯಣಮ್ಮನೇ ಉಗುರುಬೆಚ್ಚಗಿನ ನೀರು ಹಾಕತೊಡಗಿದಳು. ಮಂಗಮ್ಮ ಜಯನಗರಕ್ಕೆ ಹೋಗಿ ಬೇರೆಯವರ ಕೂಸುಗಳಿಗೆ ನೀರು ಹಾಕಿ ಬರುತ್ತಿದ್ದಳು. ಆ ಕೂಸುಗಳು ಅಳುತ್ತಿದ್ದವು. ಮನೆಯ ಬಚ್ಚಲಿಗೆ ಮಾತ್ರ ಅವಳು ಕಾಲಿಡಲಿಲ್ಲ.

ಕಿವಿ ಚುಚ್ಚಿದಾಗ ಚೂಡಿ ಅಕ್ಕಸಾಲಿಗನ ಮೀಸೆ ಹಿಡಿದುಕೊಂಡು ಆಡುತ್ತಿತ್ತು. ನೆಂಟರೆಲ್ಲ ಗಟ್ಟಿಗಿತ್ತಿ ಎಂದರು. ಮಂಗಮ್ಮ, ನಾರಾಯಣಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಲ್ಲು ಬಂದಮೇಲೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಒಂದು ದಿನ ತೊಟ್ಟಿಲಲ್ಲಿದ್ದ ಕೂಸಿನ ಬಾಯಿ ತುಂಬ ರಕ್ತ. ನಾಲಗೆಯ ತುದಿಯನ್ನು ಅದು ತಾನೇ ಕಚ್ಚಿ ಕಚ್ಚಿ ಹರಿದುಕೊಂಡಿತ್ತು. ಬೆರಳುಗಳನ್ನು ಚೀಪುತ್ತಿದೆ ಎಂದುಕೊಂಡರೆ ಅಗಿಯುತ್ತಿತ್ತು. ಬೆರಳಿಗೆ ಬಟ್ಟೆ ಸುತ್ತಿದರೆ ಬಟ್ಟೆಯನ್ನು ಬಿಚ್ಚಿ ಅಗಿಯುತ್ತಿತ್ತು. ಚಿಕ್ಕಬೈರಪ್ಪ ಮಾರಮ್ಮನಿಗೆ ಕೋಳಿ ಕೊಟ್ಟ, ಯಂತ್ರ ಕಟ್ಟಿಸಿದ. ಅದನ್ನೂ ಕೂಸು ಅಗಿದು ನುಂಗಲು ನೋಡಿತು.

ಕೊನೆಗೆ ಮಂಗಮ್ಮ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಸೀತಾಲಕ್ಷ್ಮಿಯವರ ಮನೆಗೆ ಹೋದಳು. ಅವರ ಮಾವ ವೆಂಕಟಾಚಲ ಎಂಬುವರು ಡಾಕ್ಟರಾಗಿದ್ದವರು, ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿದ್ದರು. ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅವರು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕನ್ನಡಕದ ಡಬ್ಬಿಯನ್ನು ಅದರ ಕೈಗೆ ಕೊಟ್ಟರು. ಅಂಗಾಲಿಗೆ ಬೆರಳಾಡಿಸಿದರೆ ಚೂಡಿ ಕಿಲಕಿಲ ನಕ್ಕಿತು. ಆಮೇಲೆ ಸೊಸೆಯಿಂದ ಗುಂಡುಸೂಜಿ ತರಿಸಿ ಅದೇ ಅಂಗಾಲಿಗೆ ಚುಚ್ಚಿದರು. ರಕ್ತದ ಒಂದು ಬೊಟ್ಟು ಎದ್ದಿತು. ಚೂಡಿ ಡಬ್ಬಿಯ ಮುಚ್ಚಳ ತೆಗೆದು ಹಾಕುತ್ತಲೇ ಇತ್ತು. ಇನ್ನೊಂದು ಕಾಲಿಗೆ ಚುಚ್ಚಿದರು. ಕೈಗೆ ಚುಚ್ಚಿದರು. ಸೀತಾಲಕ್ಷ್ಮಿ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಡಾಕ್ಟರು ಗುಂಡುಸೂಜಿಯನ್ನು ಪಕ್ಕಕ್ಕಿಟ್ಟರು. "ಇದನ್ನ ಪುಸ್ತಕದಲ್ಲಿ ಓದಿದ್ದೆ ಮಂಗಮ್ಮ. ಕಣ್ಣಾರೆ ನೋಡಿದ್ದು ಇದೇ ಮೊದಲು. ಈ ಮಗೂಗೆ ನೋವು ಅನ್ನೋದು ಗೊತ್ತಾಗಲ್ಲ. ಮುಟ್ಟಿದ್ದು ಗೊತ್ತಾಗುತ್ತೆ, ನೋವಾಗೋದು ಮಾತ್ರ ಗೊತ್ತಾಗಲ್ಲ. ಹುಟ್ಟಿನಿಂದ ಬಂದದ್ದು."

"ಅದುಕ್ಕೆ ಔಸ್ದಿ?"

"ಇಲ್ಲ."

"ಎಲ್ಲೂ ಇಲ್ವ ಸ್ವಾಮಿ? ಮದ್ರಾಸಲ್ಲಿ?"

"ಲಂಡನ್ನಲ್ಲೂ ಇಲ್ಲಮ್ಮ. ನೋವಿಗೆ ಔಷಧಿ ಇದೆ. ನೋವಿಲ್ಲದ್ದಕ್ಕೆ ಇಲ್ಲ." ಆಮೇಲೆ, "ಮಗುವಿನ ಅಪ್ಪ ಅಮ್ಮ ಮದುವೆಗೆ ಮುಂಚೆ ನೆಂಟರೇನಾದರೂ ಆಗಿದ್ದರಾ?" ಎಂದು ಕೇಳಿದರು.

ಮಂಗಮ್ಮ ಹೇಳಿದಳು. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ದೋಷ ವಂಶದಲ್ಲಿ ಮುಚ್ಚಿಕೊಂಡು ಬರುತ್ತದೆ, ಇರುವವರಿಗೆ ಅದರಿಂದ ಏನೂ ಆಗುವುದಿಲ್ಲ, ಇದೆಯೆಂದೂ ತಿಳಿಯುವುದಿಲ್ಲ. ಅದೇ ದೋಷ ಇರುವ ಇಬ್ಬರು ಗಂಡ ಹೆಂಡತಿಯಾದರೆ ಹುಟ್ಟುವ ಮಕ್ಕಳಲ್ಲಿ ನಾಲ್ಕಕ್ಕೆ ಒಂದು ಹೀಗಾಗಬಹುದು. "ನಿನ್ನ ಮಗನಿಗೂ ಅವನ ಹೆಂಡತಿಯಾದ ನಿನ್ನ ಮೊಮ್ಮಗಳಿಗೂ ಅದು ಒಂದೇ ಕಡೆಯಿಂದ ಬಂದಿರಬೇಕು. ನಿನ್ನಿಂದಲೋ, ನಿನ್ನ ಯಜಮಾನರಿಂದಲೋ. ಹೇಳೋಕಾಗಲ್ಲ."

ಬಿಳೇಕಹಳ್ಳಿಯ ದಾರಿಯುದ್ದಕ್ಕೂ ಮಂಗಮ್ಮ ಸತ್ತ ಗಂಡನ ಮೈಯನ್ನು ನೆನಪಿಸಿಕೊಂಡಳು. ನೇಗಿಲ ಗುಳ ತಾಗಿ ಒಮ್ಮೆ ಅವನ ಹೆಬ್ಬೆರಳು ಸೀಳಿತ್ತು. ಅವನು ಹಲ್ಲು ಕಚ್ಚಿಕೊಂಡು ನರಳಿದ್ದ. ತನ್ನ ಮೂರು ಹೆರಿಗೆಯ ನೋವು ನೆನೆಸಿಕೊಂಡಳು. ಇಬ್ಬರಿಗೂ ನೋವು ಚೆನ್ನಾಗಿಯೇ ಗೊತ್ತಿತ್ತು. ಅದು ಎಲ್ಲಿ ಅಡಗಿ ಕೂತಿತ್ತು? ಕೇಳೋಣವೆಂದರೆ ಅವನಿಲ್ಲ. ಸೊಂಟದ ಮೇಲೆ ಕೂಸು ಅವಳ ಸೆರಗು ಎಳೆಯುತ್ತ ಏನೋ ಮಾತಾಡುತ್ತಿತ್ತು.

ಮನೆಯಲ್ಲಿ ನೋವು ಗೊತ್ತಾಗುವುದಿಲ್ಲ ಎಂಬಷ್ಟನ್ನೇ ಹೇಳಿದಳು. ಮದುವೆಯ ಮಾತನ್ನು ನುಂಗಿಕೊಂಡಳು. ಒಂದು ವರ್ಷದವರೆಗೆ ನುಂಗಿಕೊಂಡೇ ಇದ್ದಳು. ನಾರಾಯಣಮ್ಮ ಮತ್ತೆ ಬಸುರಾದ ಸುದ್ದಿ ತಿಳಿದಾಗ ಮಾತ್ರ ತಡೆಯಲಾಗಲಿಲ್ಲ. ಅವರೆಕಾಯಿ ಸುಲಿಯುತ್ತ ಇಬ್ಬರೇ ಹಿತ್ತಲಲ್ಲಿ ಕೂತಿದ್ದರು.

"ನಾರಾಣಿ, ಇದು ನಾನು ಮಾಡಿದ್ದು ಕಣೆ" ಎಂದು ಶುರುಮಾಡಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. "ಮುಂದ್ಲುದೂ ಹಿಂಗೇ ಆದ್ರೆ ನಿನ್ ಮುಖ ನಾನು ಹೆಂಗ್ ನೋಡ್ಲಿ?"

ನಾರಾಯಣಮ್ಮ ಕೈಯಲ್ಲಿದ್ದ ಕಾಯಿ ಸುಲಿದು, ಕಾಳು ಮೊರಕ್ಕೆ ಹಾಕಿ, ಇನ್ನೊಂದು ಕಾಯಿ ಎತ್ತಿಕೊಂಡಳು.

"ನೀನೊಬ್ಳೇ ಮಾಡಿದ್ಯಾ ಅಜ್ಜಿ? ಮಾವ ಬೆಂಗ್ಳೂರು ಪ್ಯಾಟೆಯಿಂದ ಬಳೆ ತಂದಾಗ ಕೈ ಚಾಚಿದ್ದು ನಾನು. ನೀನು ಬ್ಯಾಡ ಅಂದಿದ್ರೂ ನಾನು ಅವ್ರನ್ನೇ ಕಟ್ಕೋತಿದ್ದೆ."

"ಮನ್ಸಾರೆ ಒಂದ್ಸಲ ಬೈದ್ಬಿಡೇ."

"ಬೈದ್ರೆ ಚೂಡಿಗೆ ಬರುತ್ತಾ ನೋವು?"

ಅಷ್ಟೇ. ಆಮೇಲೆ ಆ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಚಿಕ್ಕಬೈರಪ್ಪನಿಗೆ ಯಾರೂ ಹೇಳಲಿಲ್ಲ. ಉಳಿದ ತಿಂಗಳುಗಳನ್ನು ಇಬ್ಬರೂ ಹೆಂಗಸರು ಎಣಿಸಿದರು. ನಾಲ್ಕಕ್ಕೆ ಒಂದು. ಆ ಒಂದು ಆಗಿಹೋಯಿತಲ್ಲ, ಇನ್ನು ಮೂರು ಚೆನ್ನಾಗಿರಬೇಕಲ್ಲ ಎಂದು ಮಂಗಮ್ಮ ಒಮ್ಮೆ ಡಾಕ್ಟರನ್ನು ಕೇಳಿದ್ದಳು. ಹಾಗಲ್ಲ, ಪ್ರತಿಸಲವೂ ನಾಲ್ಕಕ್ಕೆ ಒಂದೇ ಎಂದಿದ್ದರು ಅವರು. ಅದು ಯಾವ ನ್ಯಾಯವೋ ಅವಳಿಗೆ ತಿಳಿಯಲಿಲ್ಲ.

ಗಂಡುಮಗು ಹುಟ್ಟಿತು. ಮೂರನೆಯ ದಿನ ಮಧ್ಯಾಹ್ನ, ಬಾಣಂತಿ ಮಲಗಿದ್ದಾಳೆ ಎಂದುಕೊಂಡು ಮಂಗಮ್ಮ ತೊಟ್ಟಿಲ ಹತ್ತಿರ ಹೋದಳು. ಬಟ್ಟೆ ಸರಿಸಿ, ತೊಡೆಯ ಎಳೆಯ ಮಾಂಸವನ್ನು ಎರಡು ಬೆರಳಿನಲ್ಲಿ ಹಿಡಿದು ಚಿವುಟಿದಳು. ಕೂಸು ಕಾಲು ಸೆಳೆದುಕೊಂಡು ಕಿಟಾರನೆ ಕಿರುಚಿತು. ಮಂಗಮ್ಮ ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು.

"ಮತ್ಯಾಕೆ ಚಿವುಟ್ದೆ ಅಜ್ಜಿ?" ಮಂಚದ ಮೇಲಿನಿಂದ ನಾರಾಯಣಮ್ಮನ ದನಿ ಬಂತು. "ಬೆಳಗ್ಗೆ ನಾನು ಚಿವುಟಿದ್ದೆ. ಇಬ್ರೂ ಚಿವುಟಿದ್ರೆ ಪಾಪ ಅದೇನ್ ಮಾಡೀತು?"

ಹುಡುಗನನ್ನು ಗುಂಡಣ್ಣ ಎಂದು ಕರೆದರು. ಅವನು ಬಿದ್ದರೆ ಅಳುತ್ತಿದ್ದ, ಇರುವೆ ಕಚ್ಚಿದರೆ ಅಳುತ್ತಿದ್ದ, ಅಪ್ಪ ಗದರಿದರೆ ಅಳುತ್ತಿದ್ದ. ಚೂಡಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅವನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ತಾನೂ ಬಾಯಿ ಹಾಗೆಯೇ ಸೊಟ್ಟ ಮಾಡಿ ಆ ರಾಗ ಎಳೆದು ನೋಡುತ್ತಿದ್ದಳು.

ರಕ್ತ ಕಂಡರೆ ಆಟ ಬಿಟ್ಟು ಮನೆಗೆ ಬರಬೇಕು ಎಂದು ಮಂಗಮ್ಮ ಅವಳಿಗೆ ಕಲಿಸಿದ್ದಳು. ಒಲೆಯ ಹತ್ತಿರ ಒಂದು ಗೆರೆ ಎಳೆದು ದಾಟಬಾರದು ಎಂದು ಕಲಿಸಿದ್ದಳು. ಹುಡುಗಿ ಹೇಳಿದ್ದನ್ನು ಕೇಳುವವಳು. ಓಡಿಬಂದು ಹರಿದ ಮೊಣಕೈಯನ್ನು ಮುಂದೆ ಹಿಡಿದು, "ಅಜ್ಜಿ, ರಕ್ತ. ಈಗ ಅಳಲಾ?" ಎಂದು ಕೇಳುತ್ತಿದ್ದಳು.

ಒಂದು ಸಲ ಜೋಳಿಗೆಯಂತೆ ಲಂಗ ಎತ್ತಿ ಹಿಡಿದುಕೊಂಡು ಬಂದಳು. ಒಳಗೆ ಕಡ್ಲೆಮಿಠಾಯಿ. ತೋಳಿನ ತುಂಬ ಜಾಲಿಮುಳ್ಳಿನ ತೂತು. ಊರ ಹುಡುಗರು ಒಂದು ಮುಳ್ಳಿಗೆ ಒಂದು ಮಿಠಾಯಿಯಂತೆ ಕೊಟ್ಟಿದ್ದರು. ಮಂಗಮ್ಮ ಪೊರಕೆ ಹಿಡಿದು ಅವರನ್ನು ಕೆರೆಯ ಏರಿಯವರೆಗೆ ಅಟ್ಟಿಸಿಕೊಂಡು ಹೋದಳು. ತಿರುಗಿ ಬಂದಾಗ ಚೂಡಿ ತಮ್ಮನಿಗೆ ಮಿಠಾಯಿ ಹಂಚುತ್ತಿದ್ದಳು.

"ಅವ್ರಿಗೆ ಯಾರಿಗೂ ಬರಲ್ಲ ಅಜ್ಜಿ. ನಂಗೊಬ್ಳಿಗೇ ಬರೋದು" ಎಂದಳು ಹೆಮ್ಮೆಯಿಂದ.

ಮಂಗಮ್ಮ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೆಯೇ ನಿಂತಿತು. ಈ ಮಗುವಿಗೆ ಹೊಡೆದು ಏನನ್ನು ಕಲಿಸುವುದು?

"ನೋವು ಅಂದ್ರೆ ಹೆಂಗಿರುತ್ತಜ್ಜಿ?" ಎಂದು ಅವಳೇ ಒಂದು ದಿನ ಕೇಳಿದಳು. "ಹಸಿವಾದಂಗಾ?"

"ಹಸಿವಲ್ಲ ಕಣವ್ವ. ಅದು... ಬ್ಯಾಡ ಅನ್ಸುತ್ತೆ."

"ನಂಗೆ ಹಾಗಲಕಾಯಿ ಬ್ಯಾಡ ಅನ್ಸುತ್ತೆ."

"ಅದುಕ್ಕಿಂತ್ಲೂ ಜಾಸ್ತಿ ಬ್ಯಾಡ ಅನ್ಸುತ್ತೆ" ಎಂದಳು ಮಂಗಮ್ಮ. ಚೂಡಿ ಯೋಚನೆ ಮಾಡಿದಳು. ಹಾಗಲಕಾಯಿಗಿಂತ ಬೇಡವಾದದ್ದು ಅವಳಿಗೆ ಯಾವುದೂ ಹೊಳೆಯಲಿಲ್ಲ.

ಆರು ತುಂಬಿದ ವರ್ಷ ಒಂದು ಸಂಜೆ ಮಂಗಮ್ಮ ಅಂಗಳದಲ್ಲಿ ಅವಳ ಕಾಲು ತೊಳೆಯುತ್ತಿದ್ದಾಗ ಬಲಗಾಲಿನ ಹರಡಿನ ಗಂಟು ಕುಂಬಳಕಾಯಿಯಂತೆ ಊದಿರುವುದು ಕಂಡಿತು. ಪಾದ ಒಳಕ್ಕೆ ತಿರುಗಿತ್ತು. ಕೇಳಿದರೆ, ಅಪ್ಪನ ಗಾಡಿಯ ಇಟ್ಟಿಗೆಯ ಮೇಲಿನಿಂದ ಧುಮುಕಿದೆ ಎಂದಳು. ಯಾವತ್ತು? ಸೋಮವಾರ. ಅಂದು ಶುಕ್ರವಾರ. ನಾಲ್ಕು ದಿನ ಮುರಿದ ಕಾಲಿನಲ್ಲಿ ಕುಂಟಾಟವಾಡಿದ್ದಳು, ಬಾವಿಯಿಂದ ಬಿಂದಿಗೆ ಹೊತ್ತಿದ್ದಳು.

"ರಕ್ತ ಬರಲಿಲ್ಲವಲ್ಲ ಅಜ್ಜಿ" ಎಂದಳು ಚೂಡಿ. ಅವಳ ತಪ್ಪೇನೂ ಇರಲಿಲ್ಲ. ಅವಳಿಗೆ ಹೇಳಿಕೊಟ್ಟಿದ್ದೇ ಅಷ್ಟು.

ಕೋಟೆಯ ಹತ್ತಿರದ ದೊಡ್ಡಾಸ್ಪತ್ರೆಯಲ್ಲಿ ಪ್ಲಾಸ್ಟರ್ ಹಿಟ್ಟಿನ ಕಟ್ಟು ಹಾಕಿ, ಕಾಲು ಊರದೆ ಒಂದೂವರೆ ತಿಂಗಳು ಮಲಗಿರಬೇಕು ಎಂದು ಕಳಿಸಿದರು. ಆರು ವರ್ಷದ ಮಗು, ಎಲ್ಲೂ ನೋಯದ ಮಗು, ಹೇಗೆ ಮಲಗೀತು? ಎಲ್ಲರೂ ಹೊಲಕ್ಕೆ ಹೋದಾಗ ಎದ್ದು ಓಡಾಡಿದಳು. ಕಟ್ಟು ಸೀಳಿತು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಅಂದಿನಿಂದ ಚೂಡಿ ಪಾದದ ಅಂಚಿನ ಮೇಲೆ ನಡೆಯತೊಡಗಿದಳು. ವೆಂಕಟಾಚಲ ಡಾಕ್ಟರು ಆ ವರ್ಷವೇ ತೀರಿಕೊಂಡರು. ಆಮೇಲೆ ಪ್ರತಿ ಹೊಸ ಡಾಕ್ಟರಿಗೂ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಅವರಲ್ಲಿ ಅರ್ಧಕ್ಕರ್ಧ ಜನ ಮುದುಕಿ ಏನೋ ಹೇಳುತ್ತಾಳೆ ಎಂದು ನಗುತ್ತಿದ್ದರು.

ಮಂಗಮ್ಮ ಒಂದು ಪದ್ಧತಿ ಇಟ್ಟುಕೊಂಡಳು. ದಿನವೂ ಹೊತ್ತು ಮುಳುಗುವ ಮುಂಚೆ, ಬೆಳಕಿರುವಾಗಲೇ, ಚೂಡಿಯನ್ನು ಅಂಗಳದ ಕಲ್ಲಿನ ಮೇಲೆ ಕೂರಿಸಿ ತಲೆಯಿಂದ ಅಂಗಾಲಿನವರೆಗೆ ನೋಡುವುದು. ಕೂದಲು ಬಿಡಿಸಿ ನೆತ್ತಿ, ಕಿವಿಯ ಹಿಂದೆ, ಕಣ್ಣ ರೆಪ್ಪೆ ಎತ್ತಿ ಒಳಗೆ, ನಾಲಗೆ ಚಾಚಿಸಿ ಅದರ ಕೆಳಗೆ, ಕಂಕುಳು, ಬೆರಳ ಸಂದಿ, ಉಗುರು. ಒಂದೊಂದು ಕೀಲನ್ನೂ ಮಡಿಸಿ ಬಿಡಿಸಿ ನೋಡುತ್ತಿದ್ದಳು. ಇದಕ್ಕಾಗಿ ಜಯನಗರದಲ್ಲಿ ಮಧ್ಯಾಹ್ನದ ಮನೆಗಳನ್ನು ಬಿಟ್ಟಳು. ಮಳೆ ಬಂದರೆ ಬಾಗಿಲಲ್ಲಿ ಕೂರಿಸಿ ನೋಡುತ್ತಿದ್ದಳು. ತನಗೆ ಜ್ವರವಿದ್ದರೂ ನೋಡುತ್ತಿದ್ದಳು. ಮುಳ್ಳು ಸಿಗುತ್ತಿತ್ತು, ಗಾಜಿನ ಚೂರು ಸಿಗುತ್ತಿತ್ತು, ಒಮ್ಮೆ ಕಾಲ್ಬೆರಳ ಸಂದಿಯಲ್ಲಿ ಇಲಿ ಕಡಿದ ಗಾಯ ಸಿಕ್ಕಿತು. ಏನೂ ಸಿಗದ ದಿನ ಅವಳಿಗೆ ಹೆಚ್ಚು ಭಯ.

ಅರವತ್ತಮೂರರ ಯುಗಾದಿ. ಚೂಡಿಗೆ ಒಂಬತ್ತು. ಹಬ್ಬದ ದಿನ ಬೆಳಗ್ಗೆ ಎಣ್ಣೆ ಹಚ್ಚಿಸಿಕೊಂಡು, ಹೊಸ ಲಂಗ ತೊಟ್ಟು, ಮೂರು ಒಬ್ಬಟ್ಟು ತಿಂದಳು. ಸಂಜೆ ಮಂಗಮ್ಮ ನೋಡಿದಾಗ ಮೈ ಮೇಲೆ ಒಂದು ಗೀರೂ ಇರಲಿಲ್ಲ. ಮರುದಿನ ಹೊಸತೊಡಕಿನ ಬಾಡೂಟಕ್ಕೆ ಕರೆದರೆ "ಬ್ಯಾಡ" ಎಂದಳು. ತಿಂದಿದ್ದು ಒಂದೆರಡು ಸಲ ವಾಂತಿಯಾಯಿತು. ಒಬ್ಬಟ್ಟು ಅರಗಲಿಲ್ಲವೆಂದು ಓಮದ ಕಷಾಯ ಕೊಟ್ಟರು. ಮೈ ಬೆಚ್ಚಗಿತ್ತು. ಮಂಗಮ್ಮ ಅಂದು ಎರಡು ಸಲ ನೋಡಿದಳು. ಎಲ್ಲೂ ಏನೂ ಇಲ್ಲ.

"ಏನಾಗ್ತೈತೆ ಮಗಳೆ? ಎಲ್ಲಿ?"

"ಏನೂ ಇಲ್ಲ ಅಜ್ಜಿ. ನಿದ್ದೆ ಬರ್ತೈತೆ."

ಮೂರನೆಯ ದಿನ ಬೆಳಗ್ಗೆ ಹೊಟ್ಟೆ ಉಬ್ಬಿಕೊಂಡು ಹಲಗೆಯಂತೆ ಗಟ್ಟಿಯಾಗಿತ್ತು. ಕಣ್ಣು ಒಳಕ್ಕೆ ಹೋಗಿತ್ತು. ಚಿಕ್ಕಬೈರಪ್ಪ ಇಟ್ಟಿಗೆ ಇಳಿಸಿ, ಗಾಡಿಗೆ ಹುಲ್ಲು ಹಾಸಿ ಮಗಳನ್ನು ಮಲಗಿಸಿದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಎಳೆ ವಯಸ್ಸಿನ ಡಾಕ್ಟರೊಬ್ಬ ಹೊಟ್ಟೆಯ ಮೇಲೆ ಕೈಯಿಟ್ಟವನು ಗಾಬರಿಯಾದ.

"ಹೊಟ್ಟೆನೋವು ಶುರುವಾಗಿ ಎಷ್ಟು ದಿನ ಆಯ್ತು?"

"ನೋವು ಇಲ್ಲ ಸ್ವಾಮಿ. ಅವಳಿಗೆ ನೋವು ಬರಲ್ಲ" ಎಂದಳು ಮಂಗಮ್ಮ.

"ನೋವಿಲ್ಲದೆ ಹೊಟ್ಟೆ ಹೀಗಾಗುತ್ತೇನಮ್ಮ? ಇಷ್ಟು ದಿನ ಏನ್ ಮಾಡ್ತಿದ್ರಿ?"

ಮಂಗಮ್ಮ ಹೇಳಲು ಬಾಯಿ ತೆರೆದಳು. ನಾಲಗೆ ಕಚ್ಚಿಕೊಂಡದ್ದರಿಂದ ಶುರುಮಾಡಬೇಕೇ, ಬೆನ್ನಿನಿಂದಲೇ, ಗುಂಡುಸೂಜಿಯಿಂದಲೇ? ಅವನು ಆಗಲೇ ದಾದಿಯನ್ನು ಕೂಗುತ್ತ ಓಡಿದ್ದ. ಚೂಡಿಯನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಅವಳು ಅಜ್ಜಿಯ ಕಡೆ ತಿರುಗಿ, "ಅಜ್ಜಿ, ಇಲ್ಲಿ ಗುಂಡ ಬಂದ್ರೆ ಹೆದ್ರುಕೋತಾನೆ, ಕರ್ಕೊಂಡು ಬರಬ್ಯಾಡ" ಎಂದಳು.

ಕರುಳಿನ ಒಂದು ಭಾಗ ಕೊಳೆತು ಒಡೆದಿತ್ತಂತೆ. ಒಡೆದು ಒಂದು ದಿನದ ಮೇಲಾಗಿತ್ತಂತೆ. ಬೇರೆ ಮಕ್ಕಳಾದರೆ ಮೊದಲ ದಿನವೇ ಹೊಟ್ಟೆ ಹಿಡಿದು ಹೊರಳಾಡಿ ಊರು ಎಬ್ಬಿಸುತ್ತಿದ್ದವು ಎಂದು ದೊಡ್ಡ ಡಾಕ್ಟರು ಹೇಳಿದರು. ಅವರು ಮಂಗಮ್ಮ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು, ನಂಬಿದರು. ಚೂಡಿ ಎರಡು ದಿನ ಬದುಕಿದ್ದಳು. ಅರೆಪ್ರಜ್ಞೆಯಲ್ಲಿದ್ದಳು. ಪಕ್ಕದ ಮಂಚದ ಮಗು ನೋವಿಗೆ ಅರಚುತ್ತಿತ್ತು. ಇವಳು ಮಲಗಿದ್ದಂತೆಯೇ ಹೋದಳು.

ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಚಿಕ್ಕಬೈರಪ್ಪ ಹದಿನೈದು ದಿನ ಗಾಡಿ ಕಟ್ಟಲಿಲ್ಲ. ನಾರಾಯಣಮ್ಮ ಹಟ್ಟಿ ಕೆಲಸ, ಹೊಲದ ಕೆಲಸ ಎಲ್ಲವನ್ನೂ ಮೊದಲಿನಂತೆ ಮಾಡಿದಳು, ಯಾರೊಂದಿಗೂ ಮಾತು ಬೆಳೆಸದೆ. ಮಂಗಮ್ಮ ಹೊತ್ತು ಮುಳುಗುವಾಗ ಅಂಗಳದಲ್ಲಿ ಇರಲಾರದೆ ಕೆರೆಯ ಕಡೆಗೆ ನಡೆದು ಹೋಗುತ್ತಿದ್ದಳು. ಹೊರಗಿನ ಮೈಯನ್ನೆಲ್ಲ ನೋಡಿದ್ದೆ, ಒಳಗೆ ನೋಡುವುದು ಹೇಗೆ, ಎಂದು ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತಿದ್ದಳು. ಅವರು ಪಾಪ ಎಂದು ಮುಂದೆ ಹೋಗುತ್ತಿದ್ದರು.

ಎರಡು ವರ್ಷದ ಮೇಲೆ ಅರೆಕೆರೆಯಿಂದ ಮುನಿಯಮ್ಮ ಎಲೆಯಡಿಕೆ ತೆಗೆದುಕೊಂಡು ಬಂದಳು. ಅವಳ ಮಗ ರಾಮಯ್ಯನಿಗೆ ಬೋರಣ್ಣನ ಮಗಳನ್ನು ತರುವುದೆಂದು ಮಾತಾಗಿತ್ತು. ಅಕ್ಕನ ಮಗ, ತಮ್ಮನ ಮಗಳು. ಊರೆಲ್ಲ ಒಪ್ಪುವ ಸಂಬಂಧ.

ಮಂಗಮ್ಮ ಎಲೆಯಡಿಕೆ ಮುಟ್ಟಲಿಲ್ಲ. "ಬ್ಯಾಡ" ಎಂದಳು.

"ಯಾಕವ್ವ?" ಎಂದ, ಅಕ್ಕನ ಜೊತೆಗೇ ಬಂದಿದ್ದ ಬೋರಣ್ಣ.

ಡಾಕ್ಟರು ಬೆತ್ತದ ಕುರ್ಚಿಯಲ್ಲಿ ಕೂತು ಹೇಳಿದ್ದನ್ನು ಅವಳು ಹೇಳಲು ನೋಡಿದಳು. ಮುಚ್ಚಿಕೊಂಡು ಬರುವ ದೋಷ, ನನ್ನಿಂದಲೋ ನಿಮ್ಮಪ್ಪನಿಂದಲೋ, ನಾಲ್ಕಕ್ಕೆ ಒಂದು. ಅವರ ಬಾಯಲ್ಲಿ ನೆಟ್ಟಗೆ ನಿಂತಿದ್ದ ಮಾತು ಅವಳ ಬಾಯಲ್ಲಿ ಮುಗ್ಗರಿಸಿತು.

"ನಮ್ಮಪ್ಪನ ವಂಶಕ್ಕೆ ದೋಸ ಹೊರಿಸ್ತೀಯಾ?" ಎಂದು ಬೋರಣ್ಣ ಸಿಡುಕಿದ. "ನಮ್ಮನೇಲಿ ಹಿಂದೆಂದಾದ್ರೂ ಹಂಗಾಗಿತ್ತಾ? ಆ ಮಗೀನ ಹಣೇಲಿ ಬರೆದಿತ್ತು, ಆಯ್ತು."

"ನೀನೇ ಹಾಕ್ಕೊಟ್ಟ ದಾರಿ ಅಲ್ವೇನವ್ವ?" ಎಂದಳು ಮುನಿಯಮ್ಮ, ಕೋಪವಿಲ್ಲದೆ. "ನನ್ ಮಗಳನ್ನ ನೀನು ಕೇಳ್ದಾಗ ನಾನು ಇಲ್ಲ ಅಂದ್ನಾ? ಈಗ ನಾನು ತಮ್ಮನ್ ಮಗಳನ್ನ ಕೇಳಿದ್ರೆ ನೀನು ಅಡ್ಡ ಬರ್ತೀಯಾ?"

ಮಂಗಮ್ಮ ನಾರಾಯಣಮ್ಮನ ಕಡೆ ನೋಡಿದಳು. ನಾರಾಯಣಮ್ಮ ತನ್ನ ತಮ್ಮನ ಮದುವೆಗೆ ಬೇಡ ಎನ್ನಲಾರದೆ, ಬೇಕು ಎನ್ನಲಾರದೆ ಕಂಬಕ್ಕೆ ಒರಗಿ ನಿಂತಿದ್ದಳು. ಚಿಕ್ಕಬೈರಪ್ಪ ತಲೆ ಬಗ್ಗಿಸಿಕೊಂಡು ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಎತ್ತುಗಳಿಗೆ ನೀರು ಕುಡಿಸಲು ಹೋದ.

ಮಂಗಮ್ಮ ಜಯನಗರಕ್ಕೆ ಹೋಗಿ ಸೀತಾಲಕ್ಷ್ಮಿಯವರನ್ನು ಕೇಳಿಕೊಂಡಳು, ಒಂದು ಸಲ ಬಂದು ನಮ್ಮವರಿಗೆ ಹೇಳಿ ಎಂದು. "ನಾನು ಹೇಳಿದ್ರೆ ಯಾರು ಕೇಳ್ತಾರೆ ಮಂಗಮ್ಮ? ನಮ್ಮ ಮಾವನವರು ಇದ್ದಿದ್ರೆ..." ಎಂದು ಅವರು ಕಾಫಿ ಕೊಟ್ಟರು.

ಮದುವೆ ವೈಶಾಖದಲ್ಲಿ ನಡೆಯಿತು. ಹಿರಿಯಳೆಂದು ಮಂಗಮ್ಮನನ್ನು ಚಪ್ಪರದಲ್ಲಿ ಮುಂದೆಯೇ ಕೂರಿಸಿದರು. ಅಕ್ಷತೆ ಕೊಟ್ಟರು, ಹಾಕಿದಳು. ಗಂಡು ಹೆಣ್ಣು ಬಂದು ಕಾಲಿಗೆ ಬಿದ್ದರು. ಇಬ್ಬರ ತಲೆಯ ಮೇಲೂ ಕೈ ಇಟ್ಟಳು. ಏನು ಹರಸಬೇಕೆಂದು ತಿಳಿಯದೆ ಸುಮ್ಮನೆ ಕೈ ಇಟ್ಟುಕೊಂಡೇ ಇದ್ದಳು. ಯಾರೋ ಊಟಕ್ಕೆ ಎಲೆ ಹಾಕಿದೆ ಎಂದು ಎಬ್ಬಿಸಿದರು.

ಸಂಜೆ ಗಾಡಿಯಲ್ಲಿ ವಾಪಸು ಬರುವಾಗ ಗುಂಡಣ್ಣ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಬನ್ನೇರುಘಟ್ಟದ ರಸ್ತೆಯ ಧೂಳು ಗಾಡಿಯ ಹಿಂದೆ ಏಳುತ್ತಿತ್ತು.

"ಎಲ್ರಿಗೂ ಹಂಗೇ ಆಗಲ್ಲ ಬಿಡಜ್ಜಿ" ಎಂದಳು ನಾರಾಯಣಮ್ಮ. "ಇವ್ರಿಬ್ರಲ್ಲೂ ಅದು ಇರ್ಬೇಕಲ್ವಾ? ಇಲ್ದೇನೂ ಇರಬೌದು."

"ಇರಬೌದು" ಎಂದಳು ಮಂಗಮ್ಮ.

"ಯಾರಿಗ್ಗೊತ್ತು."

"ಯಾರಿಗೂ ಗೊತ್ತಿಲ್ಲ ಕಣೆ" ಎಂದು ಮಂಗಮ್ಮ ಸೆರಗು ಹೊದ್ದುಕೊಂಡಳು. ಮುಂದೆ ಚಿಕ್ಕಬೈರಪ್ಪ ಎತ್ತುಗಳನ್ನು ಹೊಡೆಯದೆ, ಹೋದಷ್ಟು ಹೋಗಲಿ ಎಂದು ಹಗ್ಗ ಸಡಿಲ ಬಿಟ್ಟು ಕೂತಿದ್ದ.